ಪರ್ಸನಲ್ ಎಂಬ ಖಾಲಿ ಹಾಳೆ

ಲೆಕ್ಕ ಬರೆಯುವವರಿಗೆ ಖಾಲಿ ಹಾಳೆಯೆಂದರೆ ಮೊದಲಿನಿಂದಲೂ ಅನುಮಾನ. ಕವಿಗಳಿಗೆ ಅದು ಆಸೆ ಹುಟ್ಟಿಸಬಹುದು, ಪರೀಕ್ಷೆಗೆ ಕೂತ ಹುಡುಗರಿಗೆ ಭಯ ಹುಟ್ಟಿಸಬಹುದು. ಲೆಕ್ಕಿಗನಿಗೆ ಮಾತ್ರ ಅದು ಯಾರೋ ಆಮೇಲೆ ಬಂದು ಏನನ್ನೋ ತುಂಬಿಸಬಹುದಾದ ಜಾಗ. ಆದ್ದರಿಂದಲೇ ಖಿರ್ದಿ ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುತ್ತಾರೆ. ಎರಡು ಪುಟ ಅಂಟಿಕೊಂಡು ನಡುವೆ ಬರೆಯದೆ ಉಳಿದುಹೋದರೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ‘ರದ್ದು’ ಎಂದು ಬರೆದು ಸಹಿ ಮಾಡುತ್ತಾರೆ. ಚೆಕ್ಕಿನ ಮೇಲೆ ‘ಐನೂರು ರೂಪಾಯಿ’ ಎಂದಷ್ಟೇ ಬರೆದು ಸುಮ್ಮನಾಗುವವರಲ್ಲ. ಮುಂದೊಂದು ‘ಮಾತ್ರ’ ಸೇರಿಸಿ, ಅದರ ಮುಂದೂ ಒಂದು ಗೆರೆ ಎಳೆದರೇ ಸಮಾಧಾನ. ಆ ‘ಮಾತ್ರ’ ಎಂಬ ಮೂರಕ್ಷರಕ್ಕೂ ಕಡಿಮೆಯ ಪದ ಎಷ್ಟು ಜನರ ಮಾನ ಉಳಿಸಿದೆಯೋ ಲೆಕ್ಕವಿಟ್ಟವರಿಲ್ಲ.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರಿ ಸಂಘದಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದವರೊಬ್ಬರು ಇದೇ ಪರಂಪರೆಗೆ ಸೇರಿದವರು. ಅವರ ಅಜ್ಜ ಶಾನುಭೋಗರಾಗಿದ್ದರು. ಹುಣಿಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದ ಕಾಲದ ಕೊನೆಯ ಕೊಂಡಿ ಆ ಅಜ್ಜ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಬಂದ ಮೇಲೆ ಶಾನುಭೋಗಿಕೆ ಹೋಯಿತು, ಕಡತ ಅಟ್ಟ ಸೇರಿತು. ಮೊಮ್ಮಗನಿಗೆ ಬಳುವಳಿಯಾಗಿ ಸಿಕ್ಕಿದ್ದು ದುಂಡು ಅಕ್ಷರ ಮತ್ತು ಮೇಲೆ ಹೇಳಿದ ಅನುಮಾನ, ಎರಡೇ.

ಕಂಪ್ಯೂಟರು ಬಂದಾಗ ಅವರು ಗೊಣಗಲಿಲ್ಲ. ಅವರ ವಯಸ್ಸಿನ ಬಹಳ ಜನ ‘ಇನ್ನು ಎಷ್ಟು ವರ್ಷ, ಹೇಗೋ ಕಳೆಯುತ್ತದೆ’ ಎಂದು ಬೆನ್ನು ತಿರುಗಿಸಿದಾಗ ಇವರು ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಠೇವಣಿ, ಸಾಲದ ಲೆಕ್ಕಕ್ಕೆಲ್ಲ ಯಾವುದೋ ಕಂಪನಿಯ ತಂತ್ರಾಂಶ ಬಂದಿತ್ತು. ಆದರೆ ಪಿಗ್ಮಿಯ ದಿನವಹಿ ಗೋಷ್ವಾರೆ ಮಾತ್ರ ಎಕ್ಸೆಲ್‌ನಲ್ಲಿ. ಯಾವ ಏಜೆಂಟ ಎಷ್ಟು ತಂದ, ಯಾರ ಕಮಿಷನ್ ಎಷ್ಟಾಯಿತು, ಇದನ್ನೆಲ್ಲ ಸಂಜೆ ಐದೂವರೆಯೊಳಗೆ ಒಂದು ಹಾಳೆಗೆ ಇಳಿಸಿ ಕಾರ್ಯದರ್ಶಿಯ ಮೇಜಿಗೆ ಹೋಗಬೇಕು. ಪಿಗ್ಮಿಯೆಂದರೆ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. 1928ರಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಉಳಿತಾಯ ಅದು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು. ಪಿಗ್ಮಿ ಮಾತ್ರ ಸಣ್ಣ ಪೇಟೆಗಳ ಸಂಘಗಳಲ್ಲಿ, ಹೂವಿನವಳ, ಚಹದಂಗಡಿಯವನ ಕೈಯಿಂದ ದಿನಾ ಇಪ್ಪತ್ತು ಐವತ್ತು ಎತ್ತುತ್ತ ಉಳಿದುಕೊಂಡಿದೆ.

ಈ ಗೋಷ್ವಾರೆಗೆ ಅವರಿಗೆ ಮೊದಲು ಒಂದು ಗಂಟೆ ಹಿಡಿಯುತ್ತಿತ್ತು. ಗುತ್ತಿಗೆಯ ಮೇಲೆ ಬಂದ ಹುಡುಗಿಯೊಬ್ಬಳು, ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು ಅಷ್ಟೇ, ಒಂದು ದಿನ ಅವರ ಪಕ್ಕದಲ್ಲಿ ನಿಂತು ನೋಡಿ, “ಸರ್, ದಿನಾ ಇದೇ ಕೆಲಸ ಅಲ್ವಾ? ಒಂದು ಕೀಲಿ ಮಾಡಿಕೊಡ್ತೇನೆ” ಎಂದಳು. ಮಾರನೇ ದಿನದಿಂದ ಕಂಟ್ರೋಲ್, ಶಿಫ್ಟ್ ಮತ್ತು ‘ಜಿ’ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ಹೆಸರುಗಳು ಅಕಾರಾದಿಯಾಗಿ ನಿಲ್ಲುವುದೇನು, ಬರಿದಾದ ಸಾಲುಗಳು ಮಾಯವಾಗುವುದೇನು, ಪೈಸೆಗಳು ರೂಪಾಯಿಗೆ ಹೊಂದಿಕೊಂಡು ಕೆಳಗೆ ಮೊತ್ತ ಬೀಳುವುದೇನು! ‘ಜಿ’ ಯಾಕೆಂದರೆ ಗೋಷ್ವಾರೆಗೆ, ಎಂದು ಅವಳೇ ಹೇಳಿದ್ದಳು. ಆ ಕೀಲಿ ಎಲ್ಲಿದೆ, ಹೇಗಿದೆ ಎಂದು ಇವರು ಕೇಳಲಿಲ್ಲ. ಮನೆಗೆ ನೀರು ಬರುತ್ತಿರುವಷ್ಟು ದಿನ ಯಾರೂ ಕೊಳವೆ ಎಲ್ಲಿ ಹೂತಿದೆಯೆಂದು ಕೇಳುವುದಿಲ್ಲ.

2019ರ ಮಾರ್ಚ್ ತಿಂಗಳು. ಸಂಘದಲ್ಲಿ ವರ್ಷದ ಕೊನೆಯ ನೂಕುನುಗ್ಗಲು. ಹುಡುಗಿ ಅಕ್ಕನ ಮದುವೆಗೆಂದು ಸೋಮವಾರದಿಂದ ನಾಲ್ಕು ದಿನ ರಜೆ ಹಾಕಿದ್ದಳು. ಸೋಮವಾರ ಬೆಳಿಗ್ಗೆ ಲೆಕ್ಕಿಗರು ಪಿಗ್ಮಿ ಪಟ್ಟಿಯ ಮೇಲೆ ಎರಡು ಸಲ ಟಕಟಕಿಸಿದರೆ, ಪಟ್ಟಿಯ ಜೊತೆಗೇ ಇನ್ನೊಂದು ಕಿಟಕಿ ತೆರೆದುಕೊಂಡಿತು. ಒಳಗೆ ಏನೂ ಇಲ್ಲ. ಉದ್ದಕ್ಕೂ ಅಡ್ಡಕ್ಕೂ ಗೆರೆಗಳು, ಬಿಳಿ ಚೌಕಗಳು. ತಮ್ಮದೇ ಬೆರಳು ನಡುಗಿ ಮೂರು ಸಲ ಒತ್ತಿರಬೇಕು ಎಂದುಕೊಂಡು ಅದನ್ನು ಮುಚ್ಚಿದರು. ಮುಚ್ಚುವಾಗ ಅದು ಉಳಿಸಲೇ ಬೇಡವೇ ಎಂದು ಕೇಳಲೂ ಇಲ್ಲ. ಸಂಜೆ ಕೀಲಿ ಒತ್ತಿದರೆ ಅಲುಗಾಟವಿಲ್ಲ. ‘ಹುಡುಗಿಯ ಜೊತೆ ಅದೂ ಮದುವೆ ಊಟಕ್ಕೆ ಹೋಗಿರಬೇಕು’ ಎಂದು ಜವಾನನಿಗೆ ಹೇಳಿ ನಗಾಡಿ, ಹಳೇ ಪದ್ಧತಿಯಲ್ಲಿ ಒಂದು ಗಂಟೆ ಕೂತು ಗೋಷ್ವಾರೆ ಮುಗಿಸಿದರು.

ಮಂಗಳವಾರ ಮತ್ತೆ ಅದೇ ಕಿಟಕಿ. ಈ ಸಲ ತಲೆಯ ಮೇಲಿನ ಹೆಸರು ಕಣ್ಣಿಗೆ ಬಿತ್ತು: ‘ಪರ್ಸನಲ್’.

ಹೆಸರು ಕಾಣದಿದ್ದರೆ ಚೆನ್ನಾಗಿತ್ತೇನೋ. ‘ಬುಕ್ ಒನ್’ ಎಂದಿದ್ದರೆ ಅದೊಂದು ಹೆಸರಿಡದ ಕೂಸು ಎಂದು ಬಿಟ್ಟುಬಿಡುತ್ತಿದ್ದರು. ಎಕ್ಸೆಲ್ ಬಳಸುವ ಯಾರೂ ಅದನ್ನು ಕಂಡವರೇ. ಆದರೆ ಪರ್ಸನಲ್ ಎಂದರೆ ಯಾರದೋ ಸ್ವಂತದ್ದು. ಸಂಘದ ಯಂತ್ರದಲ್ಲಿ, ವರ್ಷದ ಕೊನೆಯಲ್ಲಿ, ಆ ಯಂತ್ರದ ಮುಂದೆ ಇವರನ್ನು ಬಿಟ್ಟರೆ ಕೂರುತ್ತಿದ್ದವಳು ಒಬ್ಬಳೇ. ಹತ್ತು ಗಂಟೆಯ ಚಹಕ್ಕೆ ಕಾರ್ಯದರ್ಶಿ ಬಂದು ನಿಂತಾಗ, ಅದೂ ಇದೂ ಮಾತಾಡುತ್ತ, “ಏನೋ ಪರ್ಸನಲ್ ಅಂತ ಒಂದು ಖಾಲಿ ಫೈಲು ತನ್ನಷ್ಟಕ್ಕೆ ಓಪನ್ ಆಗ್ತದೆ ಸಾರ್” ಎಂದುಬಿಟ್ಟರು. ಮಾತು ಬಾಯಿಂದ ಹೊರಟ ಮೇಲೆ ಅದರ ಭಾರ ತಿಳಿಯಿತು. ಕಾರ್ಯದರ್ಶಿ ಲೋಟ ಕೆಳಗಿಟ್ಟು, “ಆಫೀಸ್ ಕಂಪ್ಯೂಟರಿನಲ್ಲಿ ಯಾರ ಪರ್ಸನಲ್ರೀ?” ಎಂದರು. ಶನಿವಾರ ಆಡಳಿತ ಮಂಡಳಿಯ ಸಭೆ. ಗುತ್ತಿಗೆ ನೌಕರರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವ ವಿಷಯ ಕಾರ್ಯಸೂಚಿಯಲ್ಲಿತ್ತು. ಅಲ್ಲಿ ಒಬ್ಬ ನಿರ್ದೇಶಕರಿಗೆ ತಮ್ಮ ಕಡೆಯ ಹುಡುಗನೊಬ್ಬನನ್ನು ಸೇರಿಸುವ ಆಸೆಯಿದ್ದದ್ದು ಸಂಘದ ಗೋಡೆಗಳಿಗೂ ಗೊತ್ತಿತ್ತು.

ಮಧ್ಯಾಹ್ನ ಆ ನಿರ್ದೇಶಕರೇ ಒಮ್ಮೆ ಬಾಗಿಲಲ್ಲಿ ತಲೆ ಹಾಕಿ, “ಏನೋ ಗುಟ್ಟಿನ ಫೈಲಂತೆ” ಎಂದು ಕೇಳಿ ಹೋದರು. ಚಹದ ಲೋಟ ತೊಳೆಯುವಷ್ಟರಲ್ಲಿ ‘ಖಾಲಿ’ ಎಂಬುದು ಹೋಗಿ ‘ಗುಟ್ಟು’ ಆಗಿತ್ತು. ಖಾಲಿಯಾಗಿದ್ದುದರಿಂದಲೇ ಇಷ್ಟಾಯಿತು ಎನ್ನಬೇಕು. ಅದರಲ್ಲಿ ನಾಲ್ಕು ಅಡಿಗೆಯ ಸಾಮಾನಿನ ಪಟ್ಟಿಯಿದ್ದಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಏನೂ ಇಲ್ಲದ ಕಡೆ ಯಾರು ಏನನ್ನು ಬೇಕಾದರೂ ಬರೆಯಬಹುದು.

ಅಂದಹಾಗೆ ಈ ಗೆರೆಹಾಳೆಯ ತಂತ್ರಾಂಶ ಹುಟ್ಟಿದ್ದೂ ಒಂದು ಕರಿಹಲಗೆಯಿಂದ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವ್ಯಾಪಾರ ಶಾಲೆಯಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಹಲಗೆಯ ಮೇಲೆ ಲೆಕ್ಕದ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನ ಅಷ್ಟೂ ಅಂಕಿಗಳನ್ನು ಒರೆಸಿ ಬರೆಯಬೇಕಾಗುವ ಕಷ್ಟವನ್ನು ನೋಡಿದ. ತಾನೇ ಒರೆಸಿಕೊಂಡು ತಾನೇ ಬರೆದುಕೊಳ್ಳುವ ಹಲಗೆಯೊಂದಿದ್ದರೆ ಎಂದುಕೊಂಡ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಮಾಡಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಬಂತು. 1983ರಲ್ಲಿ ‘ಲೋಟಸ್ 1-2-3’, 1985ರಲ್ಲಿ ಮೆಕಿಂಟಾಷ್ ಯಂತ್ರಕ್ಕೆ ‘ಎಕ್ಸೆಲ್’, 1987ರಲ್ಲಿ ಅದೇ ವಿಂಡೋಸಿಗೆ. ಕಡತದ ಮೇಲೆ ಬಳಪ ಹಿಡಿದು ಕೂತಿದ್ದ ಶಾನುಭೋಗ ಅಜ್ಜನಿಗೆ ಬ್ರಿಕ್ಲಿನ್ನನ ಕಷ್ಟ ಹೇಳಿಕೊಟ್ಟು ತಿಳಿಯಬೇಕಾಗಿರಲಿಲ್ಲ.

ಹಾಳೆ ಮಾತ್ರ ಬೆಳೆಯುತ್ತ ಹೋಯಿತು. 1997ರ ಎಕ್ಸೆಲ್‌ನಲ್ಲಿ ಒಂದು ಹಾಳೆಗೆ 65,536 ಅಡ್ಡಸಾಲು, 256 ಕಂಬಸಾಲು. 2007ರಿಂದ 10,48,576 ಅಡ್ಡಸಾಲು, 16,384 ಕಂಬಸಾಲು. ಗುಣಿಸಿದರೆ 1,717 ಕೋಟಿಗೂ ಮೀರಿದ ಮನೆಗಳು. ಲೆಕ್ಕಿಗರು ಇದನ್ನು ಕೇಳಿದ್ದರೆ ಅಷ್ಟಕ್ಕೂ ‘ರದ್ದು’ ಗೆರೆ ಎಳೆಯುವವರು ಯಾರಪ್ಪಾ ಎನ್ನುತ್ತಿದ್ದರೋ ಏನೋ.

ಬುಧವಾರ ಕಂಪ್ಯೂಟರ್ ರಿಪೇರಿಯ ಹುಡುಗ ಬಂದ. ನೋಡಿದವನೇ “ವೈರಸ್ಸು, ಫಾರ್ಮ್ಯಾಟ್ ಹೊಡೀಬೇಕು” ಎಂದ. ಈ ಹುಡುಗರ ಚೀಲದಲ್ಲಿ ಎಲ್ಲ ಕಾಯಿಲೆಗೂ ಇರುವುದು ಅದೊಂದೇ ಗುಳಿಗೆ. ಆದರೂ ಅವನ ಅನುಮಾನಕ್ಕೆ ಅವನಿಗೇ ಗೊತ್ತಿಲ್ಲದ ಒಂದು ಪೂರ್ವಕಥೆ ಇತ್ತು. 1996ರ ಜುಲೈನಲ್ಲಿ ‘ಲಾರೂ’ ಎಂಬ ವೈರಸ್ಸು ಕಂಡುಬಂತು. ಎಕ್ಸೆಲ್ ಕಡತಗಳ ಬೆನ್ನು ಹತ್ತಿ ಹರಡುವುದನ್ನು ಸಾಧಿಸಿಕೊಂಡ ಮೊದಲನೆಯದು ಅದು. ಅದು ಮನೆ ಮಾಡಿಕೊಳ್ಳುತ್ತಿದ್ದುದು ಇದೇ ಪರ್ಸನಲ್ ಎಂಬ ಹೆಸರಿನ ಕಡತದಲ್ಲೇ. ಅಂದಮೇಲೆ ಆ ಹೆಸರಿಗೆ ಮೊದಲೇ ಒಂದಿಷ್ಟು ಮಸಿ ಬಳಿದಿತ್ತು.

ಹುಡುಗ ಸುಮ್ಮನೆ ಕೂರಲಿಲ್ಲ. ಅಡಗಿಸಿಟ್ಟ ಫೋಲ್ಡರುಗಳನ್ನೆಲ್ಲ ಕಾಣುವಂತೆ ಮಾಡಿ, ಒಂದರೊಳಗೊಂದು ಹೊಕ್ಕು, ‘ಎಕ್ಸ್‌ಎಲ್‌ಸ್ಟಾರ್ಟ್’ ಎಂಬ ಕೋಣೆಯೊಳಗೆ ಆ ಕಡತವನ್ನು ಹಿಡಿದ. ಈ ಕೋಣೆಯ ನಿಯಮ ಸರಳ. ಎಕ್ಸೆಲ್ ಬಾಗಿಲು ತೆಗೆದ ಕೂಡಲೆ ಇದರೊಳಗೆ ಏನಿದೆಯೋ ಅಷ್ಟನ್ನೂ ಕೇಳದೆಯೇ ತೆರೆಯುತ್ತದೆ. ದೇವಸ್ಥಾನದ ಬಾಗಿಲು ತೆಗೆಯುವಾಗ ರಾತ್ರಿ ಒಳಗೆ ಉಳಿದಿದ್ದ ಬೆಕ್ಕೂ ದರ್ಶನ ಕೊಡುವ ಹಾಗೆ. “ಡಿಲೀಟ್ ಮಾಡ್ಲಾ?” ಎಂದು ಹುಡುಗ ಬೆರಳು ಗುಂಡಿಯ ಮೇಲಿಟ್ಟ.

ಮೂವತ್ತೆರಡು ವರ್ಷದ ಅಭ್ಯಾಸ ಆಗ ಮಾತಾಡಿತು. ಯಾರದ್ದೆಂದು ತಿಳಿಯದ ಕಾಗದವನ್ನು ಅವರು ಆವರೆಗೆ ಹರಿದವರಲ್ಲ. ಬರಿಯ ಕಾಗದವಾದರೂ ಸರಿಯೇ. “ಬೇಡ ಮಾರಾಯ. ವಾರಸುದಾರರು ಶುಕ್ರವಾರ ಬರ್ತಾರೆ, ಅಲ್ಲೇ ಇರಲಿ” ಎಂದು ಅವನಿಗೆ ನೂರು ರೂಪಾಯಿ ಕೊಟ್ಟು ಕಳಿಸಿದರು. ಅವರ ಮನಸ್ಸಿನಲ್ಲಿ ಆಗಲೂ ಅದು ಹುಡುಗಿಯ ಖಾಸಗಿ ಕಡತವೇ. ಅವಳು ನಿರಪರಾಧಿ ಎಂಬ ನಂಬಿಕೆಯಿಂದ ಉಳಿಸಿದ್ದೆಂದು ಹೇಳಿದರೆ ಅದು ಸುಳ್ಳಾದೀತು.

ಸಂಜೆ ಬೆಂಗಳೂರಿನ ಸೋದರಳಿಯನಿಗೆ ಫೋನು. ಅವನು ದೊಡ್ಡ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನವನು. ಸಾಫ್ಟ್‌ವೇರಿನವರಿಗೆ ಎಕ್ಸೆಲ್ ಗೊತ್ತಿರಬೇಕೆಂದು ತಿಳಿಯುವುದು, ರೈಲು ಎಂಜಿನ್ ಚಾಲಕನಿಗೆ ಎತ್ತಿನ ಗಾಡಿ ಹೊಡೆಯಲು ಬರಬೇಕೆಂದು ತಿಳಿದ ಹಾಗೆ. ಆದರೂ ಪಾಪ, ಅವನು ಹುಡುಕಿ ನೋಡಿ ಒಂದೊಂದಾಗಿ ಹೇಳಿದ, ಇವರು ಡೈರಿಯಲ್ಲಿ ಒಂದೊಂದಾಗಿ ಬರೆದುಕೊಂಡರು. ಎಕ್ಸೆಲ್‌ನ ಆಯ್ಕೆಗಳೊಳಗೆ ‘ಶುರುವಿನಲ್ಲಿ ಈ ಫೋಲ್ಡರಿನ ಎಲ್ಲ ಕಡತ ತೆರೆ’ ಎಂಬ ಅರ್ಥದ ಒಂದು ಪೆಟ್ಟಿಗೆಯಿದೆ. ಅಲ್ಲಿ ಏನಾದರೂ ಬರೆದಿದೆಯೇ?

ಈ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೆಚ್ಚಾದರೂ ಹೇಳಬೇಕು. ಹಳೆಯ ಎಕ್ಸೆಲ್‌ಗಳಲ್ಲಿ ಇದು, ‘ಕಡತಗಳನ್ನು ಮಾಮೂಲಾಗಿ ಎಲ್ಲಿ ಇಡಬೇಕು’ ಎಂದು ಕೇಳುವ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಒಂದರಲ್ಲಿ ಬರೆಯಬೇಕಾದ್ದನ್ನು ಇನ್ನೊಂದರಲ್ಲಿ ಬರೆದವರ ಪಾಡು ಕೇಳಬೇಡಿ. ಅದೇ ಪೇಟೆಯ ಹೈಸ್ಕೂಲೊಂದರ ಗುಮಾಸ್ತರು ಹಿಂದೊಮ್ಮೆ ಹಾಗೆ ಬರೆದು, ಬೆಳಿಗ್ಗೆ ಒಂದು ಸಂಬಳದ ಪಟ್ಟಿ ತೆಗೆಯಲು ಹೋದರೆ ಐದನೇ ಇಯತ್ತೆಯಿಂದ ಹತ್ತನೆಯವರೆಗಿನ ಹಾಜರಿ, ಬಿಸಿಯೂಟದ ಅಕ್ಕಿ, ಸೈಕಲ್ ವಿತರಣೆ ಎಲ್ಲ ಒಂದರ ಮೇಲೊಂದು ಬಿದ್ದು ಯಂತ್ರವೇ ಉಸಿರು ಕಟ್ಟಿ ಕೂತಿತ್ತು. ಪೆಟ್ಟಿಗೆಯಲ್ಲಿದ್ದ ಒಂದು ಸಾಲನ್ನು ಒರೆಸಿದ ಮೇಲೆ ಸರಿಯಾಯಿತು. ಇನ್ನು ಕೆಲವರಿಗೆ ತದ್ವಿರುದ್ಧ: ಕಡತದ ಮೇಲೆ ಒತ್ತಿದರೆ ಎಕ್ಸೆಲ್ ತೆರೆಯುತ್ತದೆ, ಕಡತ ಮಾತ್ರ ಬರುವುದಿಲ್ಲ, ಬರೀ ಬೂದು ಬಣ್ಣದ ಅಂಗಳ. ಬೇರೆ ತಂತ್ರಾಂಶಗಳು ಕಳಿಸುವ ಡಿಡಿಇ ಎಂಬ ಸಂದೇಶವನ್ನು ಲೆಕ್ಕಿಸಬೇಡ ಎಂಬಲ್ಲಿ ಯಾರೋ ಟಿಕ್ ಹಾಕಿದ್ದರೆ ಹೀಗಾಗಬಹುದು. ಕಡತದ ಮೇಲೆ ಒತ್ತಿದ್ದು ಎಕ್ಸೆಲ್‌ನ ಕಿವಿಗೇ ಬೀಳುವುದಿಲ್ಲ. ಟಿಕ್ ತೆಗೆದರೆ ಕಿವಿ ತೆರೆಯುತ್ತದೆ. ಮತ್ತೆ, ಸುಮ್ಮನೆ ‘ಬುಕ್ ಒನ್’ ಬಂದು ಕೂರುವುದು ರೋಗವೇ ಅಲ್ಲ. 2013ರ ಆವೃತ್ತಿಯಿಂದ ಅದರ ಬದಲು ಒಂದು ಸ್ವಾಗತದ ಪರದೆ ಬರುತ್ತದೆ. ಬೇಕೋ ಬೇಡವೋ ಎಂದು ಹೇಳುವ ಟಿಕ್ ಅದಕ್ಕೂ ಇದೆ.

ಸಂಘದ ಯಂತ್ರದಲ್ಲಿ ಆ ಪೆಟ್ಟಿಗೆ ಖಾಲಿಯಿತ್ತು. “ಹಾಗಾದರೆ ಮಾವ, ಕಂಟ್ರೋಲ್ ಕೀಲಿ ಒತ್ತಿ ಹಿಡಿದುಕೊಂಡೇ ಎಕ್ಸೆಲ್ ತೆಗೀರಿ. ಸೇಫ್ ಮೋಡಿನಲ್ಲಿ ತೆಗೀಲಾ ಅಂತ ಕೇಳ್ತದೆ, ಹೂಂ ಅನ್ನಿ” ಎಂದ ಅಳಿಯ. ಹಾಗೆ ತೆಗೆದರೆ ಎಕ್ಸೆಲ್ ತನ್ನ ಶುರುವಿನ ಕೋಣೆಯತ್ತ ಕಣ್ಣು ಹಾಯಿಸುವುದಿಲ್ಲ. ಮಾರನೇ ಬೆಳಿಗ್ಗೆ ಹಾಗೆ ತೆಗೆದರು. ಖಾಲಿ ಹಾಳೆ ಬರಲಿಲ್ಲ. ಫೋನಿನಲ್ಲಿ ಅಳಿಯನ ತೀರ್ಪು: “ಅಂದಮೇಲೆ ಅದು ತಾನಾಗಿ ಬರ್ತಾ ಇಲ್ಲ. ಆ ಫೋಲ್ಡರಿನಲ್ಲಿ ಇರೋದಕ್ಕೇ ಬರ್ತಿದೆ. ಯಾರೋ ಬೇಕಂತಲೇ ಇಟ್ಟಿದ್ದಾರೆ. ಹೆಸರು ನೋಡಿದರೆ ಯಾರದೋ ಸ್ವಂತದ್ದು.”

ತರ್ಕದ ಪ್ರತಿ ಮೆಟ್ಟಿಲೂ ಸರಿಯಾಗಿತ್ತು. ಹತ್ತಿ ನಿಂತ ಅಟ್ಟ ಮಾತ್ರ ತಪ್ಪು.

ಗುರುವಾರ ಮಧ್ಯಾಹ್ನ ಲೆಕ್ಕಿಗರು ಡೈರಿ ತೆರೆದು ಕೂತರು. ಸಮಸ್ಯೆ ಬಿಡಿಸಬೇಕೆಂದಲ್ಲ, ನಾಳೆ ಹುಡುಗಿ ಬಂದರೆ ಏನು ಕೇಳಬೇಕು, ಹೇಗೆ ಕೇಳಬೇಕು ಎಂಬ ಸಂಕಟ. ಎಡಗಡೆ ದಿನ, ಬಲಗಡೆ ಅಂದು ಆದದ್ದು. ಸೋಮವಾರ: ಖಾಲಿ ಫೈಲು ಮುಚ್ಚಿದೆ. ಸಂಜೆ ಕೀಲಿ ಕೆಲಸ ಮಾಡಲಿಲ್ಲ. ಮಂಗಳವಾರ: ಕಾರ್ಯದರ್ಶಿ ಕರೆದರು, ಖಾಲಿ ಫೈಲು ಹಾಗೇ ಉಳಿಯಿತು. ಸಂಜೆ ಕೀಲಿ ಸರಿಯಿತ್ತು. ಬುಧವಾರ: ರಿಪೇರಿಯವನು ಮುಚ್ಚಿದ. ಸಂಜೆ ಕೀಲಿ ಇಲ್ಲ.

ಎರಡು ಕಲಮುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಅವರ ಜೀವಮಾನದ ಕಸುಬು. ತಾಳೆಯಾಗುವುದು ಎಲ್ಲಿ ಎಂದು ಕಣ್ಣು ತಾನೇ ಹುಡುಕುತ್ತದೆ. ಪಿಗ್ಮಿ ಪಟ್ಟಿಯ ನಕಲೊಂದನ್ನು ಮಾಡಿಕೊಂಡು ಪ್ರಯೋಗಕ್ಕೆ ಇಳಿದರು. ಖಾಲಿ ಹಾಳೆಯನ್ನು ಮುಚ್ಚಿ ಕೀಲಿ ಒತ್ತಿದರು: ಇಲ್ಲ. ಎಕ್ಸೆಲ್ ಪೂರ್ತಿ ಮುಚ್ಚಿ ತೆರೆದು, ಖಾಲಿ ಹಾಳೆಯನ್ನು ಅದರ ಪಾಡಿಗೆ ಬಿಟ್ಟು ಒತ್ತಿದರು: ಹೆಸರುಗಳು ಸಾಲಾಗಿ ನಿಂತವು. ಮತ್ತೆ ಮುಚ್ಚಿದರು: ಇಲ್ಲ. ಮತ್ತೆ ಬಿಟ್ಟರು: ಉಂಟು. ಮೂರು ಸಲ ಹೀಗೆ ನೋಡಿ, ಡೈರಿಯಲ್ಲಿ ‘ಖಾಲಿಯೊಳಗೆ ಕೀಲಿ ಇದೆ’ ಎಂದು ಬರೆದು ಎರಡು ಗೆರೆ ಎಳೆದರು. ಮೊತ್ತದ ಕೆಳಗೆ ಎಳೆಯುವ ಎರಡು ಗೆರೆ.

ಕೂಡಲೇ ಎದ್ದು ಕಾರ್ಯದರ್ಶಿಯ ಕೋಣೆಗೆ ಹೋದರು. ಕಾರ್ಯದರ್ಶಿ ಇರಲಿಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗಿದ್ದರು. ಬರುವುದು ಶುಕ್ರವಾರ ಮಧ್ಯಾಹ್ನ.

ಶುಕ್ರವಾರ ಬೆಳಿಗ್ಗೆ ಹುಡುಗಿ ಕೈಯಲ್ಲಿ ಮದುವೆಯ ಲಾಡಿನ ಡಬ್ಬಿ ಹಿಡಿದುಕೊಂಡು ಬಂದಳು. ಮೆಹಂದಿ ಇನ್ನೂ ಕೆಂಪಾಗಿತ್ತು. ಕೌಂಟರಿನ ಇಬ್ಬರು ಲಾಡು ತೆಗೆದುಕೊಂಡರು, ಮುಖ ನೋಡಲಿಲ್ಲ. ಲೆಕ್ಕಿಗರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಯಂತ್ರ ತೋರಿಸಿದರು. “ಇದೇನು ತಂಗಿ?” ಎಂದಷ್ಟೇ ಕೇಳಿದರು. ಅವಳು ನೋಡಿ, ನಾಲಿಗೆ ಕಚ್ಚಿ, “ಅಯ್ಯೋ, ಹೈಡ್ ಮಾಡೋದೇ ಮರೆತುಬಿಟ್ಟೆ ಸರ್!” ಎಂದಳು.

ಆದದ್ದಿಷ್ಟು. ನಾವು ಮಾಡುವ ಕೆಲಸವನ್ನು ಎಕ್ಸೆಲ್ ನೋಡಿ ಕಲಿತು, ಒಂದು ಕೀಲಿ ಒತ್ತಿದರೆ ಹಾಗೆಯೇ ಮಾಡಿ ತೋರಿಸುವ ಬರಹಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಯಾವ ಕಡತ ತೆರೆದಿದ್ದರೂ ಕೈಗೆ ಸಿಗಬೇಕಾದರೆ ಅದನ್ನು ಪರ್ಸನಲ್ ಎಂಬ ಕಡತದಲ್ಲಿ ಇಡಬೇಕು. ಆ ಹೆಸರು ಎಕ್ಸೆಲ್ ಇಟ್ಟದ್ದು, ಬಳಸುವವರು ಇಟ್ಟದ್ದಲ್ಲ. ದಿನವೂ ಅದು ತೆರೆದುಕೊಳ್ಳುತ್ತಲೇ ಇತ್ತು, ಕಣ್ಣಿಗೆ ಬೀಳದಂತೆ. ರಜೆಗೆ ಹೋಗುವ ಹಿಂದಿನ ಸಂಜೆ, ಏಜೆಂಟರ ಸಂಖ್ಯೆ ಹನ್ನೊಂದರಿಂದ ಹದಿಮೂರಾದದ್ದಕ್ಕೆ ಮ್ಯಾಕ್ರೋವನ್ನು ತಿದ್ದಲು ಅವಳು ಹೊರಟಿದ್ದಳು. ಅಡಗಿರುವ ಕಡತದ ಮ್ಯಾಕ್ರೋ ತಿದ್ದಲಾಗದು, ಮೊದಲು ಅದನ್ನು ಹೊರಗೆ ತೆಗೆ ಎಂದಿತು ಯಂತ್ರ. ತೆಗೆದಳು, ತಿದ್ದಿದಳು. ಬಸ್ಸಿಗೆ ಹೊತ್ತಾಗಿತ್ತು. ಮುಚ್ಚುವಾಗ ‘ಬದಲಾವಣೆ ಉಳಿಸಲೇ’ ಎಂದು ಕೇಳಿದ್ದಕ್ಕೆ ಹೂಂ ಎಂದು ಓಡಿದಳು. ತಿದ್ದಿದ್ದೂ ಉಳಿಯಿತು, ಹೊರಗೆ ತೆಗೆದು ನಿಲ್ಲಿಸಿದ ಸ್ಥಿತಿಯೂ ಉಳಿಯಿತು. ಹಾಳೆ ಖಾಲಿ ಕಾಣುತ್ತಿದ್ದುದು ಯಾಕೆಂದರೆ ಬರೆದದ್ದೆಲ್ಲ ಹಾಳೆಯ ಮೇಲಲ್ಲ, ಅದರ ಬೆನ್ನಿನ ಹಿಂದೆ. ರಿಪೇರಿಯವನು ಅಂದು ಗುಂಡಿ ಒತ್ತಿದ್ದರೆ ಖಾಲಿ ಹಾಳೆಯ ಕಾಟವೂ ಹೋಗುತ್ತಿತ್ತು, ಎಂಟು ತಿಂಗಳಿಂದ ಅವಳು ತಿದ್ದಿ ತೀಡಿದ ಆರು ಕೀಲಿಗಳೂ ಹೋಗುತ್ತಿದ್ದವು. ಆರು ಎಂಬುದು ಲೆಕ್ಕಿಗರಿಗೆ ತಿಳಿದದ್ದೂ ಅಂದೇ.

ಮಧ್ಯಾಹ್ನ ಕಾರ್ಯದರ್ಶಿ ಬಂದವರೇ ಅವಳನ್ನು ಕರೆಸಿದರು. ಲೆಕ್ಕಿಗರು ಕರೆಯದೆಯೇ ಹಿಂದೆ ಹೋಗಿ ನಿಂತರು.

“ಅದಕ್ಕೆ ಪರ್ಸನಲ್ ಅಂತ ಯಾಕಮ್ಮಾ ಹೆಸರಿಟ್ಟೆ?”

“ನಾನಿಟ್ಟಿದ್ದಲ್ಲ ಸರ್, ಅದರ ಹೆಸರೇ ಅದು.”

ಕಾರ್ಯದರ್ಶಿಗೆ ಇದು ಉತ್ತರವೆನಿಸಲಿಲ್ಲ. ಆಗ ಲೆಕ್ಕಿಗರು ಡೈರಿ ಮುಂದಿಟ್ಟರು. ಸೋಮವಾರದಿಂದ ಗುರುವಾರದವರೆಗಿನ ಎರಡು ಕಲಮು, ಮೂರು ಸಲದ ಪ್ರಯೋಗ, ಕೆಳಗೆ ಎರಡು ಗೆರೆ. ತಂತ್ರಾಂಶದ ಮಾತು ಒಂದೂ ಅದರಲ್ಲಿರಲಿಲ್ಲ. ಸಹಕಾರಿ ಇಲಾಖೆಯಲ್ಲಿ ಹಣ್ಣಾದ ಕಾರ್ಯದರ್ಶಿಗೆ ಕಂಪ್ಯೂಟರು ಅರ್ಥವಾಗದಿದ್ದರೂ ತಾಳೆಯಾದ ಲೆಕ್ಕ ಅರ್ಥವಾಗುತ್ತಿತ್ತು. ಎರಡು ಸಲ ಓದಿದರು. “ಮಂಗಳವಾರ ನನ್ನ ಹತ್ತಿರ ಹೇಳಿದ್ದು ನೀವೇ ಅಲ್ವೇನ್ರೀ?” ಎಂದರು.

“ಹೌದು ಸಾರ್. ಮಂಗಳವಾರ ಇಷ್ಟು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಾಳೆ ಸಭೆಯಲ್ಲಿ ಬೇಕಾದರೆ ನಾನೇ ಹೇಳ್ತೇನೆ.”

ಆ ಮಾತಿನಿಂದಲೇ ಹುಡುಗಿಗೆ ತನ್ನ ಬೆನ್ನ ಹಿಂದೆ ನಾಲ್ಕು ದಿನ ಏನು ನಡೆದಿತ್ತೆಂದು ಗೊತ್ತಾದದ್ದು. ಅವಳು ಏನೂ ಅನ್ನಲಿಲ್ಲ. ಹೊರಗೆ ಬಂದು ವ್ಯೂ ಎಂಬಲ್ಲಿ ಹೋಗಿ ಹೈಡ್ ಒತ್ತಿದಳು. ಖಾಲಿ ಹಾಳೆ ಮಾಯವಾಯಿತು. ಎಕ್ಸೆಲ್ ಮುಚ್ಚುವಾಗ ಉಳಿಸಲೇ ಎಂದು ಕೇಳಿದ್ದಕ್ಕೆ ಹೂಂ ಎಂದಳು. ಇದೊಂದು ಹೂಂ ಅನ್ನದಿದ್ದರೆ ನಾಳೆ ಮತ್ತೆ ಅದೇ ಕಥೆ ಎಂದೂ ಹೇಳಿದಳು. ಹೇಳುವಾಗ ದನಿ ಮೊದಲಿನಂತಿರಲಿಲ್ಲ. ಲೆಕ್ಕಿಗರು ಮಾರನೇ ದಿನದ ಸಭೆಯಲ್ಲಿ ಹತ್ತು ನಿಮಿಷ ಮಾತಾಡಿದರು. ನಿರ್ದೇಶಕರ ಹುಡುಗನ ವಿಷಯ ಮುಂದಿನ ಸಭೆಗೆ ಹೋಯಿತು. ಅವಳಿಗೆ ಇನ್ನೊಂದು ವರ್ಷ ಸಿಕ್ಕಿತು. ಆದರೆ ಆರು ತಿಂಗಳಲ್ಲೇ ಶಿವಮೊಗ್ಗದ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಸೇರಿ ಹೊರಟುಹೋದಳು. ಸಂಬಳ ಅಲ್ಲಿ ಹೆಚ್ಚಿತ್ತು ಎಂಬುದು ನಿಜ. ಅದೊಂದೇ ಕಾರಣವೆಂದು ಲೆಕ್ಕಿಗರು ಯಾರ ಹತ್ತಿರವೂ ಹೇಳಿದ್ದಿಲ್ಲ.

ಮರುವರ್ಷ ಅವರು ನಿವೃತ್ತರಾದರು. ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ತಿಜೋರಿಯ ಕೀಲಿ, ಮೊಹರು, ಹಳೇ ಖಿರ್ದಿಗಳ ನಂತರ ಹದಿನಾಲ್ಕನೆಯ ಬಾಬ್ತಾಗಿ ‘ಪರ್ಸನಲ್ ಫೈಲು 1, ಕಾಣಿಸುವುದಿಲ್ಲ’ ಎಂದು ಬರೆದಿದ್ದರು. ಹೊಸಬರು ಓದದೆಯೇ ಸಹಿ ಹಾಕಿದರು.

ಎರಡು ತಿಂಗಳ ಮೇಲೆ ಅವರದೇ ಫೋನು ಬಂತು. ಸಂಘಕ್ಕೆ ಹೊಸ ಕಂಪ್ಯೂಟರು ತಂದಿದ್ದಾರೆ, ಪಿಗ್ಮಿ ಪಟ್ಟಿಯನ್ನೆಲ್ಲ ನಕಲು ಮಾಡಿಕೊಂಡಿದ್ದಾಗಿದೆ, ‘ಜಿ’ ಕೀಲಿ ಮಾತ್ರ ಏನು ಮಾಡಿದರೂ ಏಳುವುದಿಲ್ಲ. ಲೆಕ್ಕಿಗರು ಆಗ ತೋಟದಲ್ಲಿ ಅಡಿಕೆಗೆ ಔಷಧ ಹೊಡೆಸುತ್ತಿದ್ದರು. ಆ ಕಡತ ಪಟ್ಟಿಯ ಜೊತೆ ಬರುವುದಿಲ್ಲ, ಹಳೇ ಯಂತ್ರದಲ್ಲಿ ಬಳಕೆದಾರರ ಹೆಸರಿನ ಒಳಗೆ, ಅಡಗಿಸಿದ ಫೋಲ್ಡರಿನ ಒಳಗೆ, ಎಕ್ಸ್‌ಎಲ್‌ಸ್ಟಾರ್ಟ್‌ನ ಒಳಗೆ ಕೂತಿರುತ್ತದೆ, ಅಲ್ಲಿಂದ ತೆಗೆದು ಹೊಸದರಲ್ಲಿ ಅದೇ ಹೆಸರಿನ ಕೋಣೆಯಲ್ಲಿಡಬೇಕು ಎಂದು ಕೂಗಿ ಕೂಗಿ ಹೇಳಿದರು. ಎರಡು ಸಲ ಹೇಳಿಸಿಕೊಂಡು ಆ ಕಡೆಯವರು ಬರೆದುಕೊಂಡರು.

“ಅದಿರಲಿ, ಹಳೇ ಕಂಪ್ಯೂಟರು ಎಲ್ಲಿದೆ?” ಎಂದು ಇವರು ಕೇಳಿದರು.

“ಗುಜರಿಯವನು ನಾಳೆ ಬರ್ತೇನೆ ಅಂದಿದ್ದಾನೆ.”

ಲೆಕ್ಕಿಗರು ಔಷಧದವನಿಗೆ ಕೈಸನ್ನೆಯಲ್ಲೇ ನಿಲ್ಲಲು ಹೇಳಿ, ಪಂಚೆ ಬದಲಿಸಲು ಮನೆಯ ಕಡೆ ನಡೆದರು. ಪೇಟೆಗೆ ಹೋಗುವ ಹನ್ನೊಂದು ಗಂಟೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.